ಹುಚ್ಚಾಸ್ಪತ್ರೆಯಿಂದ ಬಂದ ಸಾಕ್ಷಿ: ಕ್ಲಿಫರ್ಡ್ ಬೀಯರ್ಸನ ಜೀವನ

ಜೀವನ ಚರಿತ್ರೆಗಳೆಂದರೆ ದೊರೆಗಳವು, ದೇಶಭಕ್ತರವು, ಸಾಧುಸಂತರವು ಎಂದು ನಮ್ಮ ವಾಚಕರು ಬಹುಕಾಲದಿಂದ ಓದಿಕೊಂಡು ಬಂದಿರುವರು. ಇಂದು ನಾವು ಅವರ ಮುಂದಿಡುವುದು ಒಬ್ಬ ಗುಮಾಸ್ತನ ಚರಿತ್ರೆ. ಆತನು ಯುದ್ಧವನ್ನು ಗೆದ್ದವನಲ್ಲ, ಯಂತ್ರವನ್ನು ಕಂಡುಹಿಡಿದವನಲ್ಲ, ವೈದ್ಯಶಾಸ್ತ್ರದಲ್ಲಿ ಒಂದು ಪರೀಕ್ಷೆಯನ್ನೂ ಪಾಸು ಮಾಡಿದವನಲ್ಲ. ಸುಮಾರು ಮೂರು ವರ್ಷಗಳ ಕಾಲ ಹುಚ್ಚಾಸ್ಪತ್ರೆಗಳ ಬೀಗದ ಒಳಗಿದ್ದು, ಹೊರಬಂದ ಮೇಲೆ ಒಳಗೆ ಕಂಡುದನ್ನು ತನ್ನ ಸ್ವಂತ ಹೆಸರು ಹಾಕಿ ಬರೆದನು. ಅಷ್ಟರಿಂದಲೇ ಆತನ ಹೆಸರು ಲೋಕದಲ್ಲಿ ಉಳಿದುಕೊಂಡಿತು.

ಹುಚ್ಚಾಸ್ಪತ್ರೆಯೆಂಬ ಶಬ್ದವನ್ನು ಇಂದು ಸಭ್ಯರು ಬಳಸುವುದಿಲ್ಲ, ಬಳಸಲೂ ಬಾರದು. ಆದರೆ ಆತನ ಕಾಲದಲ್ಲಿ ಅಂಥ ಸ್ಥಳಗಳ ಸ್ಥಿತಿಗೆ ತಕ್ಕ ಹೆಸರು ಅದೇ ಆಗಿದ್ದುದರಿಂದ ನಾವು ಅದನ್ನು ಮರೆಮಾಚಲು ಹೋಗಿಲ್ಲ.

ಕ್ಲಿಫರ್ಡ್ ವಿಟಿಂಗ್‌ಹ್ಯಾಮ್ ಬೀಯರ್ಸ್ ಎಂಬ ಈತನು ೧೮೭೬ನೆಯ ಇಸವಿ ಮಾರ್ಚ್ ೩೦ರಂದು ಅಮೇರಿಕೆಯ ಕನೆಕ್ಟಿಕಟ್ ಸಂಸ್ಥಾನದ ನ್ಯೂ ಹೇವನ್ ಪಟ್ಟಣದಲ್ಲಿ ಜನಿಸಿದನು. ಹೊಟ್ಟೆಬಟ್ಟೆಗೆ ಕೊರತೆಯಿಲ್ಲದ ಮಧ್ಯಮ ಸ್ಥಿತಿಯ ಕುಟುಂಬ. ಅದೇ ಊರಿನ ಯೇಲ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಶೆಫೀಲ್ಡ್ ವಿಜ್ಞಾನ ಶಾಲೆಯಲ್ಲಿ ಓದಿ ೧೮೯೭ರಲ್ಲಿ ಪದವಿಯನ್ನು ಪಡೆದನು. ಹೊರಗಿನಿಂದ ನೋಡುವವರಿಗೆ ಚುರುಕಾದ, ಮಾತುಗಾರನಾದ, ಮುಂದೆ ಬರಬಲ್ಲ ಹುಡುಗ.

ಒಳಗೆ ಮಾತ್ರ ಒಂದು ಹೆದರಿಕೆಯು ಬೆಳೆಯುತ್ತಲಿದ್ದಿತು. ೧೮೯೪ರಲ್ಲಿ ಆತನ ಅಣ್ಣಂದಿರಲ್ಲಿ ಒಬ್ಬನಿಗೆ ಅಪಸ್ಮಾರದಂಥ ಸೆಳವು ಬರಲಾರಂಭಿಸಿತು. ಮನೆಯಲ್ಲಿ ಅವನ ಶುಶ್ರೂಷೆಗೆ ನಿಂತವರಲ್ಲಿ ಕ್ಲಿಫರ್ಡನೂ ಒಬ್ಬನು. ಅಣ್ಣನಿಗೆ ಬಂದುದು ತನಗೂ ಬಂದೇ ತೀರುವುದು ಎಂಬ ಯೋಚನೆಯು ಹದಿನೆಂಟರ ಹುಡುಗನ ತಲೆಯಲ್ಲಿ ಹೊಕ್ಕಿತು, ಹೊಕ್ಕದ್ದು ಹೊರಡಲಿಲ್ಲ. ತರಗತಿಯಲ್ಲಿ ಎದ್ದುನಿಂತು ಪಾಠ ಒಪ್ಪಿಸುವಾಗ ಎಲ್ಲಿ ಬಿದ್ದುಬಿಡುವೆನೋ ಎಂದು ನಡುಗುವನು. ಆರು ವರ್ಷಗಳು ಹೀಗೆಯೇ ಸಾಗಿದವು. ನಗುನಗುತ್ತ ಓಡಾಡಿಕೊಂಡಿದ್ದವನ ಒಳಗೆ ಇಂಥ ಬೆಂಕಿ ಇದ್ದಿತೆಂಬುದು ಬಹುಮಂದಿಗೆ ತಿಳಿಯದು. ಅಣ್ಣನ ಕಾಯಿಲೆಗೆ ಮೆದುಳಿನ ಗೆಡ್ಡೆಯೇ ಕಾರಣವಾಗಿದ್ದು, ಅದು ತಮ್ಮನಿಗೆ ಅಂಟತಕ್ಕದ್ದಲ್ಲವೆಂಬುದು ಕಾಲ ಮೀರಿದ ಮೇಲೆ ಗೊತ್ತಾಯಿತು.

ಪದವಿ ಪಡೆದ ಮೇಲೆ ಕ್ಲಿಫರ್ಡನು ಊರಿನ ತೆರಿಗೆ ವಸೂಲಿ ಕಚೇರಿಯಲ್ಲಿ ಗುಮಾಸ್ತನಾದನು. ಒಂದು ವರ್ಷ ಕಳೆದು, ೧೮೯೮ರಲ್ಲಿ, ಹೆಚ್ಚಿನ ಸಂಪಾದನೆಯನ್ನು ಬಯಸಿ ನ್ಯೂಯಾರ್ಕ್ ಮಹಾನಗರಕ್ಕೆ ಹೋಗಿ ಒಂದು ಜೀವವಿಮಾ ಕಚೇರಿಯನ್ನು ಸೇರಿದನು. ಊರು ಬಿಟ್ಟು ಬಾಡಿಗೆಯ ಕೋಣೆ, ಬೆಳಗಿನಿಂದ ಸಂಜೆಯವರೆಗೆ ಲೆಕ್ಕದ ಪುಸ್ತಕ, ರಾತ್ರಿ ನಿದ್ದೆಯಿಲ್ಲದೆ ಹೊರಳಾಟ, ಮನೆಗೆ ಬರೆವ ಕಾಗದದಲ್ಲಿ ಮಾತ್ರ ಕ್ಷೇಮವೆಂಬ ಒಕ್ಕಣೆ. ಮುಂಬಯಿ, ಪುಣೆ, ಮದರಾಸುಗಳಲ್ಲಿ ಇರುವ ನಮ್ಮವರಿಗೆ ಈ ಜೀವನವನ್ನು ವರ್ಣಿಸಿ ಹೇಳಬೇಕಾದ ಅಗತ್ಯವಿಲ್ಲ. ೧೯೦೦ನೆಯ ಇಸವಿ ಜೂನ್ ತಿಂಗಳಲ್ಲಿ ಕೈಯಲ್ಲಿ ಲೇಖನಿ ನಿಲ್ಲದಂಥ ಸ್ಥಿತಿಗೆ ಬಂದು ಆತನು ಊರಿಗೆ ಮರಳಿದನು. ಅದೇ ತಿಂಗಳು ೨೩ರಂದು ಮನೆಯ ಮೇಲಂತಸ್ತಿನ ಕಿಟಕಿಯಿಂದ ಕೆಳಗೆ ಬಿದ್ದು ಪ್ರಾಣ ನೀಗಲು ಯತ್ನಿಸಿದನು. ಕಾಲುಗಳ ಮೂಳೆ ಮುರಿಯಿತು, ಪ್ರಾಣ ಉಳಿಯಿತು.

ವಿಚಿತ್ರವೇನೆಂದರೆ, ನೆಲ ಮುಟ್ಟಿದ ಕ್ಷಣದಿಂದಲೇ ಅಪಸ್ಮಾರದ ಹೆದರಿಕೆಯು ಮಾಯವಾಯಿತು. ಅದರ ಸ್ಥಾನದಲ್ಲಿ ಅದಕ್ಕಿಂತ ಘೋರವಾದ ಮತ್ತೊಂದು ಬಂದು ಕುಳಿತಿತು. ಆತ್ಮಹತ್ಯೆಗೆ ಯತ್ನಿಸಿದವನು ಅಪರಾಧಿ, ತನ್ನನ್ನು ಪೊಲೀಸರು ಹಿಡಿದಿರುವರು ಎಂದು ನಂಬಿದನು. ಆಸ್ಪತ್ರೆಯ ಕಿಟಕಿಗೆ ಕಬ್ಬಿಣದ ಸರಳುಗಳಿದ್ದುವು. ಸರಿ, ಇದು ಸೆರೆಮನೆಯೇ ಎಂಬುದು ಖಚಿತವಾಯಿತು. ಕಾಲಿಗೆ ಹಾಕುತ್ತಿದ್ದ ಬಿಸಿ ಶಾಖವು ಬಾಯಿ ಬಿಡಿಸಲು ಕೊಡುವ ಚಿತ್ರಹಿಂಸೆಯಂತೆ ಕಂಡಿತು. ತಟ್ಟೆಯಲ್ಲಿ ಬಂದ ಅನ್ನವೂ ಸಂಶಯಕ್ಕೆ ಹೊರತಾಗಿರಲಿಲ್ಲ. ಕೊನೆಗೆ ಹೆತ್ತ ತಾಯಿತಂದೆಗಳೂ ಒಡಹುಟ್ಟಿದವರೂ ನಿಜವಾದವರಲ್ಲ, ಅವರ ವೇಷ ತೊಟ್ಟು ಬಂದ ಪತ್ತೇದಾರರು ಎಂಬ ನಂಬಿಕೆ ಬಂದಿತು. ಆಮೇಲೆ ಮಾತನಾಡುವುದನ್ನೇ ಬಹುಮಟ್ಟಿಗೆ ಬಿಟ್ಟುಬಿಟ್ಟನು. ಆಡಿದ ಪ್ರತಿಯೊಂದು ಮಾತೂ ನ್ಯಾಯಾಲಯದಲ್ಲಿ ತನಗೆ ವಿರುದ್ಧವಾಗುವುದೆಂದು ತಿಳಿದವನು ಮತ್ತೇನು ಮಾಡಿಯಾನು?

ಇಲ್ಲಿ ನಮ್ಮ ವಾಚಕರು ಒಂದು ಅಂಶವನ್ನು ಗಮನಿಸಬೇಕು. ನೋಡುವವರಿಗೆ ಅರ್ಥವಿಲ್ಲದೆ ಕಾಣುವ ರೋಗಿಯ ನಡತೆಗೆ ಒಳಗಡೆ ಒಂದು ತರ್ಕವು ಇದ್ದೇ ಇರುವುದು. ಊಟವನ್ನು ದೂಡುವವನು ಹಟಮಾರಿಯಲ್ಲ. ಅದರಲ್ಲಿ ವಿಷವಿದೆಯೆಂದು ತಿಳಿದಿರಬಹುದು. ಮಾತನಾಡದವನು ಮೂಢನಲ್ಲ, ಮಾತಿಗೆ ಅಂಜಿರಬಹುದು. ವೈದ್ಯರು ಇದನ್ನು ಊಹಿಸಿ ಬರೆಯಬಲ್ಲರು. ಕಂಡು ಬರೆಯಲು ಒಳಗಿದ್ದವನೇ ಬೇಕು.

ಆ ವರ್ಷದ ಆಗಸ್ಟ್ ತಿಂಗಳಿನಿಂದ ಆತನ ಆಸ್ಪತ್ರೆವಾಸವು ಪ್ರಾರಂಭವಾಯಿತು. ಮೊದಲನೆಯದು ಸ್ಟ್ಯಾಮ್‌ಫರ್ಡಿನಲ್ಲಿದ್ದ, ಲಾಭಕ್ಕಾಗಿ ನಡೆಯುವ ಒಂದು ಖಾಸಗಿ ಆರೋಗ್ಯಧಾಮ. ಎರಡನೆಯದು, ೧೯೦೧ರಿಂದ, ಹಾರ್ಟ್‌ಫರ್ಡಿನಲ್ಲಿದ್ದ ಧರ್ಮದತ್ತಿಯ ಆಸ್ಪತ್ರೆ. ಮೂರನೆಯದು, ೧೯೦೨ರ ನವಂಬರಿನಿಂದ, ಮಿಡಲ್‌ಟೌನಿನ ಸರಕಾರಿ ಆಸ್ಪತ್ರೆ. ಹಣವಂತರ ಸ್ಥಳ, ಮಧ್ಯಮರ ಸ್ಥಳ, ಬಡವರ ಸ್ಥಳ ಈ ಮೂರನ್ನೂ ಒಬ್ಬನೇ ರೋಗಿಯು ಒಳಗಿನಿಂದ ಕಂಡನು. ಮುಂದೆ ಆತನ ಸಾಕ್ಷ್ಯಕ್ಕೆ ತೂಕ ಬಂದುದು ಇದರಿಂದ. ಹಣ ಕೊಟ್ಟ ಕಡೆ ಗೌರವ, ಇಲ್ಲದ ಕಡೆ ಏಟು ಎಂಬಷ್ಟು ಸರಳವಾಗಿ ಅದು ಇರಲಿಲ್ಲ. ಕೈಗಳನ್ನು ಬಂಧಿಸುವ ಚರ್ಮ ಬಟ್ಟೆಗಳ ಸಾಧನಗಳು ಮೂರು ಕಡೆಗಳಲ್ಲಿಯೂ ಇದ್ದುವು.

ಹಾರ್ಟ್‌ಫರ್ಡಿನಲ್ಲಿದ್ದಾಗ ನಡೆದ ಒಂದು ಸಂಗತಿಯು ಆತನ ಬಾಳಿನ ತಿರುವು. ಮೌನದಲ್ಲಿ ಎರಡು ವರ್ಷಗಳು ಕಳೆದಿದ್ದುವು. ಆಗಾಗ್ಗೆ ನೋಡಲು ಬರುತ್ತಿದ್ದವನು ತನ್ನ ಅಣ್ಣ ಜಾರ್ಜನೇ ಹೌದೋ ಅಲ್ಲವೋ ಎಂಬುದನ್ನು ಪರೀಕ್ಷಿಸಬೇಕೆಂದು ಆತನಿಗೆ ತೋರಿತು. ಸ್ನೇಹದಿಂದಿದ್ದ ಇನ್ನೊಬ್ಬ ರೋಗಿಯ ಸಹಾಯವು ದೊರೆಯಿತು. ಅಣ್ಣನ ವಿಳಾಸಕ್ಕೆ ಒಂದು ಕಾಗದವನ್ನು ಬರೆದು, ಆಸ್ಪತ್ರೆಯವರ ಕಣ್ಣು ತಪ್ಪಿಸಿ ಅಂಚೆಗೆ ಹಾಕಿಸಿದನು. ನೀನು ನನ್ನ ನಿಜವಾದ ಅಣ್ಣನಾಗಿದ್ದರೆ ಮುಂದಿನ ಸಲ ಬರುವಾಗ ಇದೇ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಬಾ ಎಂಬುದು ಅದರ ಸಾರಾಂಶ. ಪತ್ತೇದಾರನಾದರೆ ಈ ಕಾಗದವು ಅವನ ಕೈ ಸೇರಲಾರದಷ್ಟೆ! ಅಣ್ಣನೂ ತಿಳಿದವನು, ಇದು ರೋಗಿಯ ಹುಚ್ಚಾಟವೆಂದು ಹರಿದೊಗೆಯದೆ, ೧೯೦೨ನೆಯ ಆಗಸ್ಟ್ ೩೦ರಂದು ಕಾಗದವನ್ನು ಹಿಡಿದುಕೊಂಡೇ ಬಂದನು. ಕ್ಲಿಫರ್ಡನು ತನ್ನ ಅಕ್ಷರಗಳನ್ನು ನೋಡಿದನು, ಅಣ್ಣನ ಮುಖವನ್ನು ನೋಡಿದನು. ಬಿದ್ದ ದಿನದಿಂದ ೭೯೮ ದಿನಗಳು ಕಟ್ಟಿಕೊಂಡಿದ್ದ ಭ್ರಮೆಯ ಕೋಟೆಯು ಒಂದೇ ಗಳಿಗೆಯಲ್ಲಿ ಕುಸಿಯಿತು.

ಔಷಧದಿಂದಲ್ಲ, ಉಪದೇಶದಿಂದಲ್ಲ, ತಾನೇ ಹೂಡಿದ ಪರೀಕ್ಷೆಯಿಂದ, ಮತ್ತು ಅದನ್ನು ಗೌರವಿಸಿದ ಒಬ್ಬ ಅಣ್ಣನಿಂದ ಇದು ಆಯಿತು. ಎಲ್ಲ ರೋಗಿಗಳಿಗೂ ಹೀಗೆಯೇ ಆಗುವುದೆಂದು ನಾವು ಹೇಳುತ್ತಿಲ್ಲ. ಇಂದು ಒಳ್ಳೆಯ ಔಷಧಗಳುಂಟು, ಅವುಗಳ ಅವಶ್ಯಕತೆಯೂ ಉಂಟು. ಕ್ಲಿಫರ್ಡನ ಕಾಯಿಲೆಯಾದರೂ ಆ ದಿನಕ್ಕೆ ಮುಗಿದುಹೋಗಲಿಲ್ಲ. ಖಿನ್ನತೆಯ ತಳದಿಂದ ನೇರವಾಗಿ ಉನ್ಮಾದದ ತುದಿಗೆ ಏರಿದನು. ಎರಡು ವರ್ಷ ಆಡದಿದ್ದ ಮಾತೆಲ್ಲವೂ ಪ್ರವಾಹದಂತೆ ಹೊರಬಿತ್ತು. ಸಾಮಾನು ಸುತ್ತುವ ಕಂದು ಕಾಗದವನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಅಂಟಿಸಿ ಇಪ್ಪತ್ತು ಮೂವತ್ತು ಅಡಿ ಉದ್ದದ ಪತ್ರಗಳನ್ನು ಬರೆದನು. ಲೋಕದ ಆಸ್ಪತ್ರೆಗಳನ್ನೆಲ್ಲ ಸುಧಾರಿಸುವ ಯೋಜನೆಗಳು ತಲೆಯಲ್ಲಿ ತುಂಬಿಕೊಂಡುವು. ಸಣ್ಣ ವೈದ್ಯರೊಡನೆ ಜಗಳವಾಯಿತು.

ಜಗಳದ ಫಲವಾಗಿ ಬಂದುದು ಬಂಧನದ ಅಂಗಿ. ಇದರ ತೋಳುಗಳಿಗೆ ಬಾಯಿಯಿರುವುದಿಲ್ಲ. ಎರಡು ಕೈಗಳನ್ನೂ ಎದೆಯ ಮೇಲೆ ಅಡ್ಡಲಾಗಿ ಮಡಿಸಿ, ತೋಳಿನ ತುದಿಯ ಹಗ್ಗಗಳನ್ನು ಬೆನ್ನ ಹಿಂದೆ ಬಿಗಿಯುವರು. ಸೊಳ್ಳೆ ಕಚ್ಚಿದರೂ ಕಣ್ಣೀರು ಬಂದರೂ ಒರೆಸಿಕೊಳ್ಳಲು ಕೈಯಿಲ್ಲ. ಮೊದಲ ರಾತ್ರಿ ನೋವಿನಿಂದ ಅತ್ತು ಬೇಡಿಕೊಂಡರೂ ಬಿಚ್ಚುವವರಿರಲಿಲ್ಲ. ಸುಮಾರು ಮೂರು ವಾರಗಳ ರಾತ್ರಿಗಳನ್ನು ಆತನು ಇಂಥ ಅಂಗಿಯಲ್ಲಿ ಕಳೆದನು. ಮಿಡಲ್‌ಟೌನಿನ ಸರಕಾರಿ ಆಸ್ಪತ್ರೆಯಲ್ಲಿ ಉಗ್ರ ರೋಗಿಗಳ ವಾರ್ಡು ಹೇಗಿರುವುದೆಂದು ಕಣ್ಣಾರೆ ನೋಡಬೇಕೆಂದು ಬೇಕೆಂದೇ ತಂಟೆ ಮಾಡಿ ಅಲ್ಲಿಗೆ ಹಾಕಿಸಿಕೊಂಡನು. ಉನ್ಮಾದದ ಸಾಹಸವೆನ್ನಿ, ಪತ್ರಕರ್ತನ ಸಾಹಸವೆನ್ನಿ! ಚಳಿಗಾಲದಲ್ಲಿ ಒಳ ಉಡುಪಿನಲ್ಲಿಯೇ ಸಣ್ಣ ಕತ್ತಲೆಯ ಕೋಣೆಯಲ್ಲಿ ನಡುಗಿದನು. ಪರಿಚಾರಕರು ತನ್ನನ್ನು ಹೊಡೆದರು. ತಿರುಗಿ ಹೇಳಿಕೊಳ್ಳಲಾರದ ಮುದುಕರನ್ನೂ ಹೊಡೆಯುವುದನ್ನು ಕಂಡನು. ಕಂಡುದನ್ನೆಲ್ಲ ಬರೆದಿಟ್ಟನು. ೧೯೦೩ರಲ್ಲಿ ಸಂಸ್ಥಾನದ ಗವರ್ನರರಿಗೇ ಒಂದು ದೀರ್ಘ ಪತ್ರವನ್ನು ಗುಟ್ಟಾಗಿ ತಲಪಿಸಿದನು. ಗವರ್ನರರು ಅದಕ್ಕೆ ಉತ್ತರವನ್ನೂ ಕೊಟ್ಟರು. ವಾರ್ಡಿನೊಳಗಿನ ರೋಗಿಯೊಬ್ಬನಿಗೆ ಸಂಸ್ಥಾನದ ಮುಖ್ಯಾಧಿಕಾರಿಯು ಉತ್ತರ ಬರೆಯುವುದೆಂದರೆ ಸಣ್ಣ ಮಾತಲ್ಲ.

ಹೊಡೆದ ಪರಿಚಾರಕರ ವಿಷಯದಲ್ಲಿ ಬೀಯರ್ಸನು ತಾಳಿದ ಅಭಿಪ್ರಾಯವು ನಮಗೆ ಬಹಳ ಮೆಚ್ಚಿಕೆಯಾಯಿತು. ಅವರು ಹುಟ್ಟು ರಾಕ್ಷಸರೆಂದು ಆತನು ಬರೆಯಲಿಲ್ಲ. ಅಲ್ಪ ಸಂಬಳ, ಕೊನೆಯಿಲ್ಲದ ಕೆಲಸದ ಹೊತ್ತು, ಯಾವ ಶಿಕ್ಷಣವೂ ಇಲ್ಲ, ಹೇಗಾದರೂ ವಾರ್ಡನ್ನು ಸದ್ದಿಲ್ಲದೆ ಇಡಬೇಕೆಂಬ ಮೇಲಿನವರ ಒತ್ತಾಯ. ಇಂಥಲ್ಲಿ ಒಳ್ಳೆಯವನೂ ಕೆಲವು ತಿಂಗಳಲ್ಲಿ ಒರಟನಾಗುವನು ಎಂಬುದನ್ನು ಕಂಡುಕೊಂಡನು. ದಯೆಯಿಂದ ನಡೆದುಕೊಂಡ ಪರಿಚಾರಕರನ್ನು ಕೃತಜ್ಞತೆಯಿಂದ ನೆನೆದನು. ಗಲ್ಲಾದ ಮುಂದೆ ಕುಳಿತು ನಲವತ್ತು ಜನರಿಂದ ಕೆಲಸ ತೆಗೆದವರಿಗೆ ಈ ಮಾತಿನ ಸತ್ಯವು ಬೇಗ ತಿಳಿಯುವುದು. ಹದಿನಾರು ಗಂಟೆ ನಿಂತ ಸಪ್ಲೈಯರನ ಮುಖದಲ್ಲಿ ನಗೆಯನ್ನು ಹುಡುಕುವ ಗಿರಾಕಿಗೆ ಅದು ತಿಳಿಯದು.

೧೯೦೩ರ ಸಪ್ಟಂಬರಿನಲ್ಲಿ ಬಿಡುಗಡೆಯಾಯಿತು. ಬ್ಯಾಂಕು ಕಟ್ಟಡಗಳ ಒಳಾಂಗಣ ಕೆಲಸದ ಒಂದು ಸಂಸ್ಥೆಯು ಆತನಿಗೆ ಕೆಲಸ ಕೊಟ್ಟಿತು. ಆಸ್ಪತ್ರೆಯಿಂದ ಬಂದವನೆಂದು ತಿಳಿದೂ ಕೊಟ್ಟಿತು ಎಂಬುದನ್ನು ನಾವು ಒತ್ತಿ ಹೇಳುವೆವು. ಊರೂರು ತಿರುಗಿ ವ್ಯಾಪಾರ ಕುದುರಿಸುವ ಕೆಲಸ, ಚೆನ್ನಾಗಿಯೇ ಮಾಡಿದನು. ಆದರೆ ಒಳಗೆ ಉಳಿದವರ ನೆನಪು ಬಿಡಲಿಲ್ಲ. ೧೯೦೫ರ ಆರಂಭದಲ್ಲಿ ಬರೆಯಲು ಕುಳಿತಾಗ ಮತ್ತೆ ಮನಸ್ಸು ಅತಿಯಾಗಿ ಏರುತ್ತಿರುವುದನ್ನು ಮನೆಯವರು ಗಮನಿಸಿದರು. ಆಗ ಆತನು ತಾನಾಗಿಯೇ ಹೋಗಿ ಹಾರ್ಟ್‌ಫರ್ಡಿನ ಆಸ್ಪತ್ರೆಯನ್ನು ಸೇರಿದನು. ತನಗೆ ಬಂಧನದ ಅಂಗಿ ತೊಡಿಸಿದ್ದ ಸ್ಥಳ ಅದು. ಕೆಲಕಾಲವಿದ್ದು, ಸ್ತಿಮಿತಕ್ಕೆ ಬಂದು, ಹೊರಗೆ ಬಂದನು. ಬಿದ್ದ ಮೇಲೆ ಏಳುವುದಕ್ಕಿಂತ, ಬೀಳುವ ಮೊದಲೇ ಕೈಚಾಚುವುದಕ್ಕೆ ಹೆಚ್ಚಿನ ಧೈರ್ಯ ಬೇಕೆಂದು ನಮಗೆ ತೋರುವುದು.

ಬೀಯರ್ಸನಿಗಿಂತ ಮೊದಲು ಯಾರೂ ಇಂಥದನ್ನು ಬರೆದಿರಲಿಲ್ಲವೆಂದಲ್ಲ. ಇಂಗ್ಲೆಂಡಿನಲ್ಲಿ ಜಾನ್ ಪರ್ಸಿವಲ್ ಎಂಬವನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ತನ್ನ ಅನುಭವವನ್ನು ಪ್ರಕಟಿಸಿದ್ದನು. ಅಮೇರಿಕೆಯ ಎಲಿಜಬೆತ್ ಪ್ಯಾಕರ್ಡ್ ಎಂಬಾಕೆಯನ್ನು ಪಾದ್ರಿಯಾಗಿದ್ದ ಗಂಡನೇ ೧೮೬೦ರಲ್ಲಿ ಆಸ್ಪತ್ರೆಗೆ ನೂಕಿದ್ದನು; ಆಕೆ ಹೊರಬಂದು ಕಾನೂನುಗಳ ತಿದ್ದುಪಡಿಗಾಗಿ ಹೋರಾಡಿದಳು. ಇವರ ಕೂಗಿಗೆ ವೈದ್ಯರು ಕಿವಿ ಮುಚ್ಚಿಕೊಂಡರು. ಬೀಯರ್ಸನು ಹಿಡಿದ ದಾರಿ ಬೇರೆ. ಕಾಡಿಗೆ ಬೆಂಕಿ ಹಚ್ಚಲು ಆತನು ಹೊರಡಲಿಲ್ಲ. ಕಾವಲುಗಾರರನ್ನೇ ತನ್ನ ಕಡೆಗೆ ತಿರುಗಿಸಿಕೊಳ್ಳಲು ನೋಡಿದನು.

೧೯೦೬ರಲ್ಲಿ ಹಸ್ತಪ್ರತಿಯನ್ನು ಹಾರ್ವರ್ಡಿನ ಪ್ರಖ್ಯಾತ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸರಿಗೆ ಕಳುಹಿಸಿದನು. ಅವರು ಓದಿ ಮೆಚ್ಚಿ ಬರೆದ ಪತ್ರವೇ ಮುಂದೆ ಪುಸ್ತಕಕ್ಕೆ ಮುನ್ನುಡಿಯಾಯಿತು. ಸ್ವಿಸ್ ದೇಶದಿಂದ ಬಂದು ಅಮೇರಿಕೆಯಲ್ಲಿ ಮನೋವೈದ್ಯರ ಅಗ್ರಗಣ್ಯರಾಗಿದ್ದ ಅಡಾಲ್ಫ್ ಮೇಯರರು ತಿದ್ದುಪಡಿಗಳನ್ನು ಸೂಚಿಸಿದರು. ಹಿರಿಯರ ಸಲಹೆಯಂತೆ ಸಿಟ್ಟಿನ ಮಾತುಗಳನ್ನು ತಗ್ಗಿಸಿ, ಸಂಗತಿಗಳನ್ನು ಹಾಗೆಯೇ ಉಳಿಸಿದನು. ತಗ್ಗಿಸಿದ್ದು ಸರಿಯೋ ತಪ್ಪೋ ಎಂದು ಚರ್ಚಿಸುವವರು ಇಂದಿಗೂ ಇದ್ದಾರೆ. ನಮ್ಮ ಅಭಿಪ್ರಾಯದಲ್ಲಿ, ರೋಗಿಯಾಗಿದ್ದವನು ಸ್ವಲ್ಪ ಧ್ವನಿ ಏರಿಸಿದರೂ ಅದನ್ನೂ ರೋಗದ ಲಕ್ಷಣವೆಂದೇ ಬರೆದುಕೊಳ್ಳುತ್ತಿದ್ದ ಆ ಕಾಲದಲ್ಲಿ ಆತನಿಗೆ ಬೇರೆ ದಾರಿಯಿರಲಿಲ್ಲ.

೧೯೦೮ರ ಮಾರ್ಚ್ ತಿಂಗಳಲ್ಲಿ ಲಾಂಗ್‌ಮನ್ಸ್ ಕಂಪೆನಿಯವರು ಪುಸ್ತಕವನ್ನು ಪ್ರಕಟಿಸಿದರು. ತನ್ನನ್ನು ತಾನೇ ಕಂಡುಕೊಂಡ ಮನಸ್ಸು ಎಂಬ ಅರ್ಥದ ಹೆಸರು. ಮದುವೆಯಾಗದ ಮೂವತ್ತೆರಡರ ತರುಣನು, ದುಡಿದು ತಿನ್ನಬೇಕಾದವನು, ತನಗೆ ಹುಚ್ಚು ಹಿಡಿದಿತ್ತೆಂದು ಸ್ವಂತ ಹೆಸರಿನಲ್ಲಿ ಅಚ್ಚು ಹಾಕಿಸುವುದೆಂದರೆ ಏನೆಂದು ವಾಚಕರು ಯೋಚಿಸಲಿ. ನಮ್ಮಲ್ಲಿ ಇಂದಿಗೂ ಅಂಥ ಸುದ್ದಿ ಹೊರಬಿದ್ದರೆ ತಂಗಿಯ ಮದುವೆ ನಿಲ್ಲುವುದೆಂಬ ಹೆದರಿಕೆ. ಗುಣವಾಗಿ ಬಂದವನಿಗೆ ಗಲ್ಲಾದ ಬೀಗದ ಕೈ ಕೊಡಲು ಹಿಂಜರಿಕೆ. ಜ್ವರ ಬಂದ ಹುಡುಗನಿಗೆ ಗಂಜಿ ಕೊಟ್ಟು ಮಲಗಿಸುವ ಅಡಿಗೆಮನೆಯೇ, ಮಂಕಾದ ಹುಡುಗನನ್ನು ಸೋಮಾರಿಯೆಂದು ಕರೆಯುವುದು, ಅಥವಾ ಗಾಳಿ ಸೋಕಿದೆಯೆಂದು ಟಿಕೆಟು ಕೊಟ್ಟು ರೈಲು ಹತ್ತಿಸುವುದು. ಇದನ್ನು ನಾವು ಹೋಟೆಲುಗಳಲ್ಲಿ ಒಂದೆರಡು ಸಲವಲ್ಲ, ಅನೇಕ ಸಲ ಕಂಡಿರುವೆವು.

ಪುಸ್ತಕವು ಹೊರಬಂದು ಎರಡು ತಿಂಗಳಾಗುವುದರೊಳಗೆ, ಮೇ ೬ರಂದು, ನ್ಯೂ ಹೇವನ್ನಿನಲ್ಲಿ ಕೆಲವರು ಸೇರಿ ಕನೆಕ್ಟಿಕಟ್ ಮಾನಸಿಕ ಆರೋಗ್ಯ ಸಂಘವನ್ನು ಸ್ಥಾಪಿಸಿದರು. ೧೯೦೯ನೆಯ ಫೆಬ್ರವರಿ ೧೯ರಂದು ನ್ಯೂಯಾರ್ಕಿನಲ್ಲಿ ರಾಷ್ಟ್ರೀಯ ಸಮಿತಿಯು ಜನ್ಮ ತಾಳಿತು. ರೋಗಿಗಳ ಸ್ಥಿತಿಯನ್ನು ಉತ್ತಮಪಡಿಸುವುದು, ರೋಗವು ಬಾರದಂತೆ ನೋಡಿಕೊಳ್ಳುವುದು, ಜನರ ತಪ್ಪು ತಿಳಿವಳಿಕೆಗಳನ್ನು ಹೋಗಲಾಡಿಸುವುದು ಅದರ ಉದ್ದೇಶಗಳು. ಬೀಯರ್ಸನು ಕಾರ್ಯದರ್ಶಿ. ಹಲವು ವರ್ಷಗಳ ಕಾಲ ಸರಿಯಾದ ಸಂಬಳವಿಲ್ಲದೆ, ಸಾಲದ ಮೇಲೆ ಸಾಲ ಮಾಡಿ ಸಂಸ್ಥೆಯನ್ನು ನಡೆಸಿದನು. ಜೇಮ್ಸರು ೧೦೦೦ ಡಾಲರನ್ನು ಕೊಟ್ಟರು. ಆಮೇಲೆ ಹೆನ್ರಿ ಫಿಪ್ಸ್ ಎಂಬ ಉಕ್ಕಿನ ಧನಿಕರು ೫೦,೦೦೦ ಡಾಲರನ್ನು ಕೊಟ್ಟ ಮೇಲೆಯೇ ಉಸಿರಾಡುವಂತಾಯಿತು. ೧೯೧೨ರಲ್ಲಿ ಡಾಕ್ಟರ್ ಥಾಮಸ್ ಸಾಲ್ಮನ್ ಎಂಬವರು ಸಮಿತಿಗೆ ಬಂದರು. ಆಸ್ಪತ್ರೆಗಳ ಪರಿಶೀಲನೆ ನಡೆಯಿತು, ಯುದ್ಧದಲ್ಲಿ ಮನಸ್ಸು ಕೆಟ್ಟ ಸೈನಿಕರ ಶುಶ್ರೂಷೆಯ ಏರ್ಪಾಡೂ ನಡೆಯಿತು. ೧೯೧೩ರಲ್ಲಿ ನ್ಯೂ ಹೇವನ್ನಿನಲ್ಲಿ ಹೊರರೋಗಿಗಳ ಚಿಕಿತ್ಸಾಲಯ ಪ್ರಾರಂಭವಾಯಿತು. ಮುಂದೆ ಅದಕ್ಕೆ ಬೀಯರ್ಸನ ಹೆಸರೇ ಬಂದಿತು. ೧೯೧೮ರಲ್ಲಿ ಕೆನಡಾ ದೇಶದಲ್ಲಿಯೂ ಸಮಿತಿಯಾಯಿತು. ೧೯೩೦ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ನಾನಾ ದೇಶಗಳಿಂದ ೩೦೦೦ಕ್ಕೂ ಹೆಚ್ಚು ಪ್ರತಿನಿಧಿಗಳು ಬಂದರು.

೧೯೧೨ರಲ್ಲಿ ಆತನು ಕ್ಲಾರಾ ಜೆಪ್ಸನ್ ಎಂಬಾಕೆಯನ್ನು ಮದುವೆಯಾದನು. ಮನೆತನದ ಕಾಯಿಲೆಯ ಅಂಜಿಕೆಯಿಂದ ಮಕ್ಕಳು ಬೇಡವೆಂದು ಇಬ್ಬರೂ ನಿಶ್ಚಯಿಸಿಕೊಂಡರು.

ಇಷ್ಟೆಲ್ಲ ಕೀರ್ತಿಯ ನಡುವೆ ನಡೆದ ಇನ್ನೊಂದು ಸಂಗತಿಯನ್ನು ಮುಚ್ಚಿಡುವುದು ನ್ಯಾಯವಲ್ಲ. ಸಮಿತಿಯು ಬೆಳೆದಂತೆ ಅದರ ಕುರ್ಚಿಗಳಲ್ಲಿ ಕುಳಿತವರು ವೈದ್ಯರು, ಪ್ರಾಧ್ಯಾಪಕರು, ಧನಿಕರು. ರೋಗವನ್ನು ಅನುಭವಿಸಿದ್ದ ಎರಡನೆಯವನು ಬೀಯರ್ಸನ ಪಕ್ಕದಲ್ಲಿ ಕುಳಿತುದು ಕಾಣೆವು. ಆತನೇ ಹಾಗೆ ಏರ್ಪಡಿಸಿದ್ದನು. ದೊಡ್ಡವರ ಹೆಸರಿಲ್ಲದೆ ಹಣವೂ ಬಾರದು, ಮಾತೂ ನಡೆಯದು ಎಂಬುದು ಆತನ ಲೆಕ್ಕ. ಆ ಲೆಕ್ಕಕ್ಕೂ ಬೆಲೆ ತೆರಬೇಕಾಯಿತು. ಒಂದು ಊರಿನ ಕೆಲಸವನ್ನು ಮೊದಲು ಗಟ್ಟಿ ಮಾಡೋಣವೆಂದ ಮೇಯರರಿಗೂ, ದೇಶವನ್ನೆಲ್ಲ ಒಮ್ಮೆಗೆ ಹಿಡಿಯೋಣವೆಂದ ಬೀಯರ್ಸನಿಗೂ ಒಮ್ಮತ ಬಾರದೆ ಮೇಯರರು ಕೆಲವೇ ವರ್ಷಗಳಲ್ಲಿ ದೂರವಾದರು. ಸಮಿತಿಯ ಗಮನವು ಕ್ರಮೇಣ ಬೀಗದೊಳಗಿನ ರೋಗಿಗಳಿಂದ ಸರಿದು, ರೋಗ ಬಾರದಂತೆ ತಡೆಯುವ ಶಾಸ್ತ್ರದ ಕಡೆಗೆ, ಶಾಲೆಯ ಮಕ್ಕಳ ಕಡೆಗೆ ಹರಿಯಿತು. ಅದು ಒಳ್ಳೆಯ ಕೆಲಸವೇ. ಆದರೆ ಬಂಧನದ ಅಂಗಿಗಳು ಅಲ್ಲಿಯೇ ಉಳಿದುವು. ಆ ಚಳುವಳಿಯ ಕೆಲವು ಮುಖಂಡರು, ರೋಗಿಗಳಿಗೆ ಸಂತಾನವಾಗದಂತೆ ಮಾಡಬೇಕೆಂಬ ಅಂದಿನ ಕ್ರೂರವಾದದ ಕಡೆಗೂ ವಾಲಿದರು. ರೋಗಿಗಳೇ ಹತ್ತು ಮಂದಿ ಸಭೆಯಲ್ಲಿ ಕುಳಿತಿದ್ದರೆ ಅಂಥ ಮಾತು ಅಷ್ಟು ಸಲೀಸಾಗಿ ಆಡಲ್ಪಡುತ್ತಿತ್ತೇ ಎಂದು ನಾವು ಕೇಳಬಯಸುವೆವು.

೧೯೩೯ರಲ್ಲಿ ಬೀಯರ್ಸನ ಮನಸ್ಸು ಮತ್ತೆ ಕುಸಿಯಿತು. ಕೆಲಸದಿಂದ ನಿವೃತ್ತನಾಗಿ, ಪ್ರಾವಿಡೆನ್ಸ್ ಪಟ್ಟಣದ ಬಟ್ಲರ್ ಆಸ್ಪತ್ರೆಯನ್ನು ಸೇರಿದನು. ಮನಸ್ಸಿನ ಆರೋಗ್ಯಕ್ಕಾಗಿ ಮೂವತ್ತು ವರ್ಷ ದುಡಿದವನು ಮನಸ್ಸಿನ ರೋಗಿಯಾಗಿಯೇ ೧೯೪೩ನೆಯ ಜುಲೈ ೯ರಂದು ಅಲ್ಲಿ ತೀರಿಕೊಂಡನು. ಇದನ್ನು ಸೋಲೆಂದು ಬರೆದವರಿರಬಹುದು. ಮಧುಮೇಹಿಗಳ ಸಂಘವನ್ನು ಕಟ್ಟಿದವನು ಮಧುಮೇಹದಿಂದ ತೀರಿಕೊಂಡರೆ ಸೋತನೆಂದು ಯಾರೂ ಹೇಳುವುದಿಲ್ಲವಲ್ಲ!

ಆತನ ಸಮಿತಿಯು ೧೯೫೦ರಲ್ಲಿ ಬೇರೆ ಎರಡು ಸಂಸ್ಥೆಗಳೊಡನೆ ಒಂದುಗೂಡಿ ದೊಡ್ಡ ಸಂಘವಾಯಿತು. ಆ ಸಂಘದವರು ಹಳೆಯ ಹುಚ್ಚಾಸ್ಪತ್ರೆಗಳಲ್ಲಿ ರೋಗಿಗಳನ್ನು ಕಟ್ಟಿಹಾಕುತ್ತಿದ್ದ ಸರಪಳಿ ಬೇಡಿಗಳನ್ನು ನಾನಾ ಕಡೆಗಳಿಂದ ತರಿಸಿ, ೧೯೫೩ರ ಏಪ್ರಿಲಿನಲ್ಲಿ ಬಾಲ್ಟಿಮೋರಿನ ಒಂದು ಎರಕದ ಕಾರ್ಖಾನೆಯಲ್ಲಿ ಕರಗಿಸಿ, ೩೦೦ ಪೌಂಡು ತೂಕದ ಗಂಟೆಯನ್ನು ಎರಕ ಹೊಯ್ಯಿಸಿದರು. ರೋಗಿಗಳು ತಾವೇ ಸಂಘಟಿತರಾಗಿ, ವೈದ್ಯರ ಬೆನ್ನ ಹಿಂದೆ ನಿಲ್ಲದೆ ಮಾತನಾಡತೊಡಗಿದುದು ೧೯೭೦ರ ದಶಕದಲ್ಲಿ. ಅವರಲ್ಲಿ ಒಬ್ಬರಾದ ಜೂಡಿ ಚೇಂಬರ್ಲಿನ್ ಎಂಬಾಕೆ ೧೯೭೮ರಲ್ಲಿ ಬರೆದ ಪುಸ್ತಕವು ಬೀಯರ್ಸನು ನಿಲ್ಲಿಸಿದ ಸ್ಥಳದಿಂದ ಮುಂದಕ್ಕೆ ಹೆಜ್ಜೆಯಿಟ್ಟಿತು: ಆಸ್ಪತ್ರೆಯನ್ನು ಸುಧಾರಿಸಿದರೆ ಸಾಲದು, ತಮ್ಮ ಚಿಕಿತ್ಸೆಯನ್ನು ತಾವೇ ನಿರ್ಣಯಿಸುವ ಅಧಿಕಾರ ಬೇಕೆಂಬುದು ಆಕೆಯ ವಾದ.

ನಮ್ಮ ದೇಶದಲ್ಲಿ ಸರಪಳಿಗಳು ಅಷ್ಟು ಬೇಗ ಕರಗಲಿಲ್ಲ. ಬ್ರಿಟಿಷರು ೧೯೧೨ರಲ್ಲಿ ಮಾಡಿದ ಲೂನಸಿ ಕಾಯಿದೆಯೇ ಬಹುದಶಕಗಳ ಕಾಲ ನಡೆಯಿತು. ಹೊಸ ಕಾಯಿದೆಯು ೧೯೮೭ರಲ್ಲಿ ಬಂದಿತು. ೨೦೦೧ನೆಯ ಆಗಸ್ಟ್ ೬ರಂದು ತಮಿಳುನಾಡಿನ ಏರವಾಡಿಯಲ್ಲಿ, ದರ್ಗಾದ ಆಸುಪಾಸಿನ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ೨೫ಕ್ಕಿಂತ ಹೆಚ್ಚು ಮಂದಿ ರೋಗಿಗಳು ಓಡಲಾರದೆ ಸುಟ್ಟು ಸತ್ತರು. ಅವರ ಕೂಗನ್ನು ಕೇಳಿದವರು ಅದನ್ನು ಎಂದಿನ ಅರಚಾಟವೆಂದು ತಿಳಿದಿದ್ದರೋ ಏನೋ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸರಪಳಿ ಹಾಕುವುದನ್ನೂ ಒಂಟಿಕೋಣೆಯಲ್ಲಿ ಕೂಡಿಹಾಕುವುದನ್ನೂ ನಿಷೇಧಿಸಿದೆ. ಆತ್ಮಹತ್ಯೆಗೆ ಯತ್ನಿಸಿದವನನ್ನು ತೀವ್ರ ಸಂಕಟದಲ್ಲಿದ್ದವನೆಂದು ಭಾವಿಸಬೇಕಲ್ಲದೆ ಶಿಕ್ಷಿಸತಕ್ಕದ್ದಲ್ಲವೆಂದೂ ವಿಧಿಸಿದೆ; ತಾನು ಪೊಲೀಸರ ಸೆರೆಯಲ್ಲಿರುವೆನೆಂದು ನಡುಗಿದ ಬೀಯರ್ಸನನ್ನು ಇಲ್ಲಿ ನೆನೆಯದಿರಲು ಸಾಧ್ಯವಿಲ್ಲ. ಅದೇ ಕಾಯಿದೆಯಂತೆ ಕೇಂದ್ರ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ, ಮಾನಸಿಕ ರೋಗವುಳ್ಳವರ ಅಥವಾ ಹಿಂದೆ ಇದ್ದವರ ಪ್ರತಿನಿಧಿಗಳಾಗಿ ಇಬ್ಬರು ಸದಸ್ಯರು ಇರತಕ್ಕದ್ದು. ರಾಜ್ಯಗಳ ಪ್ರಾಧಿಕಾರಗಳಲ್ಲಿಯೂ ಅವರಿಗೆ ಸ್ಥಾನವುಂಟು. ದೊಡ್ಡ ಮೇಜಿನ ಸುತ್ತ ಎರಡು ಕುರ್ಚಿ ಕಡಿಮೆಯೆಂದೇ ನಾವು ತಿಳಿಯುವೆವು.

ಊರಿನಿಂದ ದೂರವಿದ್ದು, ರಾತ್ರಿ ನಿದ್ದೆಯಿಲ್ಲದೆ, ಯಾರೊಡನೆಯೂ ಹೇಳಿಕೊಳ್ಳಲಾರದೆ ಇರುವ ನಮ್ಮ ವಾಚಕರಿಗಾಗಿ ಒಂದು ಮಾಹಿತಿ. ಕೇಂದ್ರ ಸರಕಾರವು ೨೦೨೨ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯನ್ನು ಪ್ರಾರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವ ಹೊತ್ತಿಗಾದರೂ ಕರೆಯಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಸಂಖ್ಯೆ ೧೪೪೧೬.